ಮನಸ್ಸಿಟ್ಟು ಮಾಡಿದ ವಸ್ತು, ಮನಸ್ಸಿಟ್ಟ ದೋಸ್ತ: ನಿಮ್ಮ ಅನುಭವ ಹೇಳ್ರಿ

ಮುಳಗುಂದ ನಾಕಾ (ಗದಗ)
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿರುವ ಒಂದು ವಿಷಯವನ್ನು ಇಲ್ಲಿ ಕೇಳಿಬಿಡುತ್ತೇನೆ.

ನನ್ನ ದೋಸ್ತನೊಬ್ಬನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವನು. ಈಗ ಮಕ್ಕಳಿಗೆ ಹಾಡು, ಹಾರ್ಮೋನಿಯಂ ಹೇಳಿಕೊಡುತ್ತಾನೆ. ಮೊದಲೆಲ್ಲ ಅವನಿಗೆ ಬಂದ ಪತ್ರ, ಕರೆಂಟ್ ಬಿಲ್, ಪಾಸ್‌ಬುಕ್ ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ಈಗ ಮೊಬೈಲಿನ ಪರದೆಗೆ ಬಂದದ್ದನ್ನು ಟಾಕ್‌ಬ್ಯಾಕ್ ಎಂಬ ತಂತ್ರಾಂಶ ಗಟ್ಟಿಯಾಗಿ ಓದುತ್ತದೆ. ಚಹಾದಂಗಡಿಯಲ್ಲಿ ಅವನು ದುಡ್ಡು ಕಳಿಸಿದ ಕೂಡಲೇ ಅಲ್ಲಿಟ್ಟ ಡಬ್ಬಿ ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಅಂಗಡಿಯವನ ಕೈ ಮಿರ್ಚಿ ಹಿಟ್ಟಿನಲ್ಲಿರುತ್ತದೆ, ಫೋನ್ ಮುಟ್ಟಲು ಆಗುವುದಿಲ್ಲ. ಅವನಿಗಾಗಿ ಮಾಡಿದ ಡಬ್ಬಿ ಅದು. ನನ್ನ ದೋಸ್ತನಿಗೂ ಅದೇ ರಸೀದಿ.

ಆದರೆ ಅವನ ಮನೆಗೆ ಒಂದು ಇಂಡಕ್ಷನ್ ಒಲೆ ಬಂತು. ಮೇಲೆಲ್ಲ ನುಣ್ಣನೆಯ ಗಾಜು. ಬಟನ್ ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದೇ ಇಲ್ಲ. ಮುಟ್ಟಿ ಹುಡುಕಲು ಹೋದರೆ ಒಲೆ ತಾನಾಗಿ ಏನೋ ಶುರು ಮಾಡುತ್ತದೆ. ಕೊನೆಗೆ ಇಬ್ಬರೂ ಕೂತು ಎಂ-ಸೀಲ್‌ನಿಂದ ಉಬ್ಬು ಚುಕ್ಕೆ ಅಂಟಿಸಿದೆವು.

ಅವನು ಹೇಳುವುದು ಹೀಗೆ: "ಯಾರನ್ನೂ ಕರೀದ ನನ್ನ ಕೆಲಸ ಆದರ ಅದು ಚಲೋ ವಸ್ತು. ಕರಿಯಾಕ ಸಂಕೋಚ ಆಗಲಿಲ್ಲಂದ್ರ ಅಂವ ಚಲೋ ದೋಸ್ತ." ನನಗೆ ಇದು ಪೂರ್ತಿ ಒಪ್ಪಿಗೆ. ನಿಮಗೆ? ನಿಮ್ಮ ಮನೆ, ಹೊಲ, ಅಂಗಡಿಯಲ್ಲಿ ಹೀಗೆ ಮಾಡಿದವರ ಮನಸ್ಸು ಕಾಣುವ ವಸ್ತು ಯಾವುದು?

ನವನಗರ ಪಾಸ್
ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ. ಮೆಟ್ಟಿಲು ಇಲ್ಲ. ನಮ್ಮ ಅವ್ವನಿಗೆ ಮೊಣಕಾಲು ನೋವು. ಆದರೂ ಧಾರವಾಡಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ.

ಟೋಲ್ ನಾಕಾ (ಧಾರವಾಡ)
@ನವನಗರ ಪಾಸ್ ಬಸ್ ಚಲೋ, ಒಪ್ಪಿದೆ. ಆದರೆ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಅಲ್ಲಿಗೆ ಮುಟ್ಟಲು ವಾಹನಗಳ ನಡುವೆ ದಾಟಲೇಬೇಕು. ಕಣ್ಣಿಲ್ಲದವರು, ಮುದುಕರು ಏನು ಮಾಡಬೇಕು? ಬಾಗಿಲವರೆಗಿನ ದಾರಿಯನ್ನೂ ಲೆಕ್ಕ ಹಿಡಿಯಬೇಕು, ಬರೀ ಬಾಗಿಲು ನೋಡಿ ಹೊಗಳಬಾರದು.

ಬ್ಯಾಡಗಿ ಅಕ್ಕ
ನನ್ನ ಓಟು ಕುಕ್ಕರಿಗೆ. ಅದರಲ್ಲೂ ಒಳಮುಚ್ಚಳದ ಹಾಕಿನ್ಸ್. ಮುಚ್ಚಳ ಒಳಗಿನಿಂದ ಬಾಯಿಗೆ ಒತ್ತಿಕೊಂಡಿರುತ್ತದೆ. ಒಳಗೆ ಹಬೆ ತುಂಬಿರುವಷ್ಟು ಹೊತ್ತು ಎಷ್ಟು ಎಳೆದರೂ ಬರುವುದಿಲ್ಲ. ಆ ಹಬೆಯೇ ಮುಚ್ಚಳಕ್ಕೆ ಬೀಗ. ಸೀಟಿಯ ದಾರಿ ಕಟ್ಟಿಕೊಂಡರೆ ಸೇಫ್ಟಿ ವಾಲ್ವ್ ಇದೆ. ಗ್ಯಾಸ್ಕೆಟ್ ಹಳತಾದರೆ ಯಾವ ಪಾತ್ರೆ ಅಂಗಡಿಯಲ್ಲೂ ಹೊಸದು ಸಿಗುತ್ತದೆ. ಅಡುಗೆಮನೆಯಲ್ಲಿ ಅವಸರ ಇರುತ್ತದೆ, ಮಕ್ಕಳು ಓಡಾಡುತ್ತಾರೆ ಅಂತ ತಿಳಿದವರು ಮಾಡಿದ್ದು ಅದು.

ದೋಸ್ತಿ ಅಂದರೆ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ನೋಡಬೇಕು. ಸೀಸನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಒಟ್ಟಿಗೆ ಹೋಗುತ್ತೇವೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ದಿನವಿಡೀ ಬಿಡಿಸಿದರೆ ಕೈ ಉರಿಯುತ್ತದೆ. ನೀರಲ್ಲಿ ತೊಳೆದರೆ ಹೋಗುವುದಿಲ್ಲ, ಖಾರ ಬಿಡುವುದು ಎಣ್ಣೆಗೆ. ಗೆಳತಿಯೊಬ್ಬಳು ಎಲ್ಲರಿಗೂ ಆಗುವಷ್ಟು ಕೊಬ್ಬರಿ ಎಣ್ಣೆ ತಂದಿರುತ್ತಾಳೆ. ಒಬ್ಬರೂ ಅವಳನ್ನು ಕೇಳಿಲ್ಲ.

ಹಳೇ ಹುಬ್ಬಳ್ಳಿ ಕಾಕಾ
ನಾನು ಒಪ್ಪುವುದಿಲ್ಲ. ವಸ್ತು ಚಲೋ ಆದಷ್ಟು ದೋಸ್ತಿ ತೆಳ್ಳಗಾಗಿದೆ. ಮೊದಲು ಫೋನ್ ಮಾಡಲು ಒಬ್ಬನ ಮನೆ, ಕ್ರಿಕೆಟ್ ನೋಡಲು ಇನ್ನೊಬ್ಬನ ಮನೆ, ಪೇಪರ್ ಓದಲು ಕಟ್ಟೆ. ಕೆಲಸ ಇತ್ತು, ಹೋಗುತ್ತಿದ್ದೆವು. ಹೋದಮೇಲೆ ಮಾತು, ಮಾತಿನ ಮೇಲೆ ಚಹಾ. ಈಗ ಎಲ್ಲ ಅಂಗೈಯಲ್ಲೇ ಇದೆ. ಯಾಕೆ ಹೋಗಬೇಕು?

ಮುಳಗುಂದ ನಾಕಾ ತಮ್ಮಾ, ನಿನ್ನ ದೋಸ್ತನಿಗೆ ಈಗ ಪತ್ರ ಓದಿಸುವ ಗರಜು ಇಲ್ಲ. ಮೊದಲಿನಷ್ಟು ಸೇರುತ್ತೀರಾ? ನಿಜ ಹೇಳು.

ಮುಳಗುಂದ ನಾಕಾ (ಗದಗ)
ಕಾಕಾ, ಮೊದಲಿಗಿಂತ ಕಡಿಮೆ ಸಲ ಸೇರುತ್ತೇವೆ. ಆದರೆ ಸೇರಿದರೆ ಜಾಸ್ತಿ ಹೊತ್ತು ಕೂರುತ್ತೇವೆ.

ಮೊದಲು ಅವನ ಮನೆಗೆ ಹೋದರೆ ಅರ್ಧ ಹೊತ್ತು ಕಾಗದ ಓದುವುದರಲ್ಲೇ ಕಳೆಯುತ್ತಿತ್ತು. ಅವನ ಖಾತೆಯಲ್ಲಿ ಎಷ್ಟಿದೆ ಅನ್ನುವುದು ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅವನಿಗೆ ಬಂದ ಸಾಲದ ನೋಟಿಸು ನನ್ನ ದನಿಯಲ್ಲಿ ಅವನ ಕಿವಿಗೆ ಬೀಳುತ್ತಿತ್ತು. ಅವನು ಎಂದೂ ಬೇಸರ ತೋರಿಸಲಿಲ್ಲ. ಆದರೆ ನಮ್ಮ ಪಾಸ್‌ಬುಕ್ಕನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಹೇಗಿರುತ್ತದೆ, ಸ್ವಲ್ಪ ಯೋಚಿಸಿ ನೋಡಿ. ಈಗ ಅವನು ಹೇಳಬೇಕು ಅನಿಸಿದ್ದನ್ನು ಹೇಳುತ್ತಾನೆ, ಬೇಡ ಅನಿಸಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ನಾನು ಅವನ ಕಣ್ಣಾಗಿದ್ದೆ, ಈಗ ಬರೀ ದೋಸ್ತ. ನನಗೆ ಇದೇ ಹೆಚ್ಚು ಇಷ್ಟ.

ಸಾಧನಕೇರಿ ಮೇಷ್ಟ್ರು
ಚರ್ಚೆಗೆ ಒಂದು ಹಳೆಯ ಉದಾಹರಣೆ ಸೇರಿಸುತ್ತೇನೆ. ಬ್ರೈಲ್ ಲಿಪಿ.

ಪ್ಯಾರಿಸಿನ ಅಂಧರ ಶಾಲೆಯಲ್ಲಿ ಮೊದಲು ದೊಡ್ಡ ದೊಡ್ಡ ಉಬ್ಬು ಅಕ್ಷರಗಳ ಪುಸ್ತಕಗಳಿದ್ದವು. ಕಣ್ಣಿದ್ದವರ ಲಿಪಿಯನ್ನೇ ಉಬ್ಬಿಸಿದ್ದು. ಓದಲು ಬಹಳ ನಿಧಾನ, ಮಕ್ಕಳು ತಾವೇ ಬರೆಯುವುದಂತೂ ದೂರದ ಮಾತು. ಆಮೇಲೆ ಚಾರ್ಲ್ಸ್ ಬಾರ್ಬಿಯೆ ಎಂಬವರು ಚುಕ್ಕೆಗಳ ಪದ್ಧತಿ ತಂದರು. ಒಂದು ಗುರುತಿಗೆ 12 ಚುಕ್ಕೆಗಳವರೆಗೆ. ಅಷ್ಟು ಚುಕ್ಕೆ ಬೆರಳ ತುದಿಗೆ ಒಮ್ಮೆಲೇ ಸಿಗುವುದಿಲ್ಲ, ಮೇಲೆ ಕೆಳಗೆ ಸವರಬೇಕು. ಆ ಶಾಲೆಯ ಹುಡುಗ ಲೂಯಿ ಬ್ರೈಲ್, ಅವನಿಗೂ ಕಣ್ಣಿಲ್ಲ, 1824ರಲ್ಲಿ ತನ್ನ 15ನೇ ವಯಸ್ಸಿಗೆ ಅದನ್ನು 6 ಚುಕ್ಕೆಗೆ ಇಳಿಸಿದ. ಒಂದು ಅಕ್ಷರ ಒಂದು ಬೆರಳ ತುದಿಯಲ್ಲಿ ಪೂರ್ತಿ ಸಿಕ್ಕಿತು. 6 ಚುಕ್ಕೆಯಿಂದ 63 ಗುರುತು ಆಗುತ್ತವೆ. ಬ್ರೈಲ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಸಂಗೀತ ಬರೆಯುವುದಕ್ಕೂ ಅದೇ ಚುಕ್ಕೆಗಳನ್ನು ಹೊಂದಿಸಿದರು. ನಮ್ಮಲ್ಲಿ 1951ರಲ್ಲಿ ಭಾರತೀ ಬ್ರೈಲ್ ಒಪ್ಪಿತವಾಯಿತು. ಕನ್ನಡದ ಕ, ಹಿಂದಿಯ ಕ, ಎರಡಕ್ಕೂ ಒಂದೇ ಗುರುತು. ಇನ್ನೂರು ವರ್ಷ ಆಯಿತು, ಆ ಆರು ಚುಕ್ಕೆಯ ಮನೆ ಇಂದಿಗೂ ಬಳಕೆಯಲ್ಲಿದೆ.

ಇನ್ನೊಂದು ಎನ್‌ವಿಡಿಎ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶ. ಇದರ ಹಿಂದೆ ಇರುವುದೇ ಒಂದು ದೋಸ್ತಿ. ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರಿಗೂ ಕಣ್ಣಿಲ್ಲ. ಚಿಕ್ಕವರಿದ್ದಾಗ ಒಂದು ಸಂಗೀತ ಶಿಬಿರದಲ್ಲಿ ಭೇಟಿಯಾದರು, ಇಬ್ಬರಿಗೂ ಕಂಪ್ಯೂಟರ್ ಹುಚ್ಚು ಅಂತ ತಿಳಿಯಿತು. ಆಗ ಇಂಥ ತಂತ್ರಾಂಶಗಳ ಬೆಲೆ ಕೇಳಿದರೆ ಬಡವರು ಹಿಂದೆ ಸರಿಯಬೇಕು. 2006ರಲ್ಲಿ ಕರನ್ ಬರೆಯಲು ಶುರು ಮಾಡಿದರು, ಟೆ ಆಮೇಲೆ ಕೂಡಿಕೊಂಡರು. ಇಂದಿಗೂ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ಕನ್ನಡವನ್ನೂ ಓದುತ್ತದೆ.

ಕಾಕಾ ಅವರೇ, ಇಲ್ಲಿ ದೋಸ್ತಿಯಿಂದಲೇ ವಸ್ತು ಹುಟ್ಟಿದೆ.

ಹಳೇ ಹುಬ್ಬಳ್ಳಿ ಕಾಕಾ
ಮೇಷ್ಟ್ರೇ, ಆ ಇಬ್ಬರಿಗೆ ದೊಡ್ಡ ನಮಸ್ಕಾರ. ನನ್ನ ಸಿಟ್ಟು ಅಂಥ ವಸ್ತುವಿನ ಮೇಲಲ್ಲ. ನನ್ನ ಮೊಮ್ಮಗ ಊಟಕ್ಕೆ ಕೂತಾಗ ತಟ್ಟೆ ನೋಡುವುದಿಲ್ಲ, ಫೋನಿನ ಪರದೆಯನ್ನು ಬೆರಳಿಂದ ಮೇಲೆ ತಳ್ಳುತ್ತಲೇ ಇರುತ್ತಾನೆ. ಅದಕ್ಕೆ ಕೊನೆಯೇ ಇಲ್ಲ. ಅದನ್ನು ಮಾಡಿದವರೂ ಜಾಣರೇ ಅಲ್ವಾ?

ವಿದ್ಯಾನಗರ ಹುಡುಗಿ
ಕಾಕಾರಿಗೆ ನನ್ನ ಬೆಂಬಲ. ನಾನು ಆ್ಯಪ್ ಮಾಡುವ ಕೆಲಸದಲ್ಲೇ ಇದ್ದೇನೆ. ಕೊನೆಯಿಲ್ಲದ ಆ ಪುಟವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್. ಮುಂದಿನ ಪುಟ ಒತ್ತುವ ತೊಂದರೆ ತಪ್ಪಲಿ ಅನ್ನುವುದು ಅವರ ಯೋಚನೆ. ಅದರಿಂದ ಏನಾಯಿತು ಅಂತ ನೋಡಿ ಆಮೇಲೆ ಅವರೇ ಬಹಿರಂಗವಾಗಿ ವಿಷಾದ ಹೇಳಿದರು. ಪುಟ ಮುಗಿದಾಗ ಮನುಷ್ಯ ಒಂದು ಕ್ಷಣ ನಿಲ್ಲುತ್ತಾನೆ, ಸಾಕೋ ಬೇಕೋ ಅಂತ ಯೋಚಿಸುತ್ತಾನೆ. ಆ ಕ್ಷಣವನ್ನೇ ತೆಗೆದುಹಾಕಿದರೆ ನಿಲ್ಲುವುದು ಹೇಗೆ? ಜಾಣತನದಿಂದ ಮಾಡಿದ್ದಕ್ಕೂ ನಮ್ಮ ಒಳ್ಳೆಯದಕ್ಕೆ ಮಾಡಿದ್ದಕ್ಕೂ ವ್ಯತ್ಯಾಸ ಇದೆ.

ನಮ್ಮ ಕಡೆಯ ಇನ್ನೊಂದು ವಿಷಯ. ಚಿತ್ರದ ಬಟನ್ ಇಟ್ಟಾಗ ಅದಕ್ಕೆ ಒಂದು ಹೆಸರು ಬರೆಯಬೇಕು, ಒಂದೇ ಸಾಲು. ಬರೆಯದಿದ್ದರೆ ಟಾಕ್‌ಬ್ಯಾಕ್ ಹೆಸರಿಲ್ಲದ ಬಟನ್ ಅಂತ ಓದುತ್ತದೆ. ಕಣ್ಣಿದ್ದವರಿಗೆ ಪೂರ್ತಿ ಚೆಂದ ಕಾಣುವ ಪರದೆ, ಕೇಳುವವರಿಗೆ "ಬಟನ್, ಬಟನ್, ಬಟನ್". ಇದನ್ನು ನನಗೆ ಕೂರಿಸಿ ತೋರಿಸಿದ್ದು ಹಾಸ್ಟೆಲ್ ಗೆಳತಿ. ಪರದೆಗೆ ಬಟ್ಟೆ ಮುಚ್ಚಿ, ಈಗ ಟಿಕೆಟ್ ತೆಗೆ ನೋಡೋಣ ಅಂದಳು. ನನ್ನ ಜೊತೆ ಕೆಲಸ ಮಾಡುವವರೆಲ್ಲ ಚೆನ್ನಾಗಿದೆ ಅಂದಿದ್ದರು. ಹೊಗಳುವವರು ಸಿಗುತ್ತಾರೆ, ಬಟ್ಟೆ ಮುಚ್ಚಿ ಕೂರಿಸುವವಳು ಒಬ್ಬಳೇ.

ಮಾರ್ಕೆಟ್ ರೋಡ್ (ಹಾವೇರಿ)
ನೋಟನ್ನು ಹೇಗೆ ಗುರುತು ಹಿಡಿಯುತ್ತಾರೆ? ಅಂಚಿನಲ್ಲಿ ಉಬ್ಬು ಗೆರೆ ಇರುತ್ತವಂತೆ. ಎಲ್ಲ ನೋಟಿಗೂ ನಾಲ್ಕೇ ಅಲ್ವಾ?

ಕೌಂಟರ್ ನಂಬರ್ ಮೂರು
ಇಲ್ಲ ಸರ್. 100ಕ್ಕೆ ನಾಲ್ಕು ಓರೆ ಗೆರೆ. 200ಕ್ಕೂ ನಾಲ್ಕು, ಆದರೆ ನಡುವೆ ಎರಡು ಸಣ್ಣ ವೃತ್ತ. 500ಕ್ಕೆ ಐದು. ನೋಟು ಕೈಯಿಂದ ಕೈಗೆ ಓಡಾಡಿ ಮೆತ್ತಗಾದರೆ ಗೆರೆ ತಿಳಿಯುವುದು ಕಷ್ಟ. ಅದಕ್ಕೇ 2020ರಲ್ಲಿ ರಿಸರ್ವ್ ಬ್ಯಾಂಕ್ ಮಣಿ ಅನ್ನುವ ಆ್ಯಪ್ ತಂದಿತು. ಕ್ಯಾಮೆರಾ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ, ಇಂಟರ್‌ನೆಟ್ ಬೇಕಿಲ್ಲ. 20ರ ನಾಣ್ಯಕ್ಕೆ 12 ಅಂಚು ಇದೆ, ಮುಟ್ಟಿದರೆ ಗೊತ್ತಾಗುತ್ತದೆ.

ಎರೆಹೊಲ (ಅಣ್ಣಿಗೇರಿ)
ನಮ್ಮೂರಿನ ಹೆಸರು ಇನ್ನೂ ಯಾರೂ ಹೇಳಲಿಲ್ಲವಲ್ಲ! ಅಬ್ದುಲ್ ಖಾದರ್ ನಡಕಟ್ಟಿನ ಅವರು. 2022ರಲ್ಲಿ ಪದ್ಮಶ್ರೀ. ಚಿಕ್ಕವರಿದ್ದಾಗ ಬೆಳಿಗ್ಗೆ ಬೇಗ ಏಳಲು ಅಲಾರಂ ಕೀಲಿಗೆ ದಾರ ಕಟ್ಟಿ, ಅದು ಬಾಟಲಿ ಬಗ್ಗಿಸಿ ಮುಖಕ್ಕೆ ನೀರು ಸುರಿಯುವ ಹಾಗೆ ಮಾಡಿದ್ದರು. ಆಮೇಲೆ ಹುಣಸೆ ಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ. ಬಿತ್ತುವವನ ಕಷ್ಟ ಬಿತ್ತಿದವನಿಗೇ ಗೊತ್ತು.

ಎತ್ತಿನ ಹಳೆಯ ಕೂರಿಗೆಯೂ ಕಡಿಮೆ ವಸ್ತುವಲ್ಲ. ಮೇಲೆ ಮರದ ಬಟ್ಟಲು, ಅದರ ತೂತಿನಿಂದ ಇಳಿಯುವ ಕೊಳವೆ, ಕೆಳಗೆ ನೆಲ ಸೀಳುವ ತಾಳು. ಒಂದೇ ಸಲಕ್ಕೆ ಮೂರು ನಾಲ್ಕು ಸಾಲು, ಒಂದೇ ಆಳ. ಕಾಳು ಬಿಡುವವಳ ಕೈ ಮತ್ತು ಎತ್ತು ಹೊಡೆಯುವವನ ನಡಿಗೆ ಹೊಂದಿಕೊಂಡರೆ ಮಾತ್ರ ಪೈರು ಸಮನಾಗಿ ಏಳುತ್ತದೆ. ಆಗ ಮುಯ್ಯಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಟ್ರ್ಯಾಕ್ಟರ್ ಬಂದಮೇಲೆ ಮುಯ್ಯಿ ಕಡಿಮೆ ಆಗಿದೆ. ಅಲ್ಲಿಯವರೆಗೆ ಕಾಕಾ ಹೇಳಿದ್ದು ಖರೆ.

ಆದರೆ ಒಂದು ಹೇಳುತ್ತೇನೆ. ಹಿಂಗಾರಿಯಲ್ಲಿ ಎರೆಯ ಹದ ಕೆಲವೇ ದಿನ ನಿಲ್ಲುತ್ತದೆ. ಅಂಥ ಹೊತ್ತಲ್ಲಿ ನಮ್ಮ ಮನೆಯಲ್ಲಿ ಸಾವಾಯಿತು. ನಾವು ಹೊಲದ ಕಡೆ ಹೋಗುವ ಹಾಗಿರಲಿಲ್ಲ. ದೋಸ್ತ ತನ್ನ ಟ್ರ್ಯಾಕ್ಟರ್ ತಂದು ಮೊದಲು ನಮ್ಮ ಕಡಲೆ ಬಿತ್ತಿದ, ಆಮೇಲೆ ತನ್ನದು. ಡೀಸೆಲ್ ಲೆಕ್ಕ ಕೇಳಿದ್ದಕ್ಕೆ ಮಾತೇ ಆಡಲಿಲ್ಲ.

ಬ್ಯಾಡಗಿ ಅಕ್ಕ
@ಎರೆಹೊಲ ಅಣ್ಣಾ, ಓದಿ ಗಂಟಲು ಕಟ್ಟಿತು.

ದುರ್ಗದಬೈಲ್ ರಿಪೇರಿ
ಮೊಬೈಲ್ ಬಿಚ್ಚುವವನ ಮಾತೂ ಕೇಳಿ. ಹೊರಗಿನ ಹೊಳಪು ನೋಡಿ ನಾನು ಮಾರ್ಕು ಕೊಡುವುದಿಲ್ಲ, ಬಿಚ್ಚಿ ನೋಡಿ ಕೊಡುತ್ತೇನೆ.

ನೋಕಿಯಾ 1100, 2003ರಲ್ಲಿ ಬಂದದ್ದು. ಲೋಕದಲ್ಲಿ ಸುಮಾರು 25 ಕೋಟಿ ಮಾರಾಟವಾಯಿತು. ಕರೆಂಟ್ ಹೋಗುವ ಊರುಗಳಿಗೆ ಟಾರ್ಚ್ ಕೊಟ್ಟರು. ಧೂಳು ಹೋಗದ ಹಾಗೆ ಕೀಗಳ ಮೇಲೆ ಒಂದೇ ರಬ್ಬರ್ ಹಾಳೆ. ಬೆವರಿದ ಕೈಯಿಂದ ಜಾರದ ಹಾಗೆ ಪಕ್ಕಗಳು ಒರಟು. ಹಿಂದಿನ ಮುಚ್ಚಳ ಉಗುರಿನಲ್ಲಿ ತೆಗೆದು ಬ್ಯಾಟರಿ ಬದಲಿಸಬಹುದು. ಈಗಿನ ಫೋನುಗಳಲ್ಲಿ ಬ್ಯಾಟರಿಗೆ ಅಂಟು, ಹಿಂದಿನ ಗಾಜಿಗೂ ಅಂಟು. ಬಿಸಿ ಮಾಡಿ ಎಬ್ಬಿಸಬೇಕು, ಸ್ವಲ್ಪ ಜಾಸ್ತಿ ಒತ್ತಿದರೆ ಗಾಜು ಹೋಯಿತು. ಬ್ಯಾಟರಿ ಮುದಿಯಾಗುವುದು ಗ್ಯಾರಂಟಿ ಅಂತ ಮಾಡಿದವರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ತೆಗೆಯಲಾಗದ ಹಾಗೆ ಮುಚ್ಚಿದ್ದನ್ನು ನಾನು ಚಲೋ ವಸ್ತು ಅನ್ನಲಾರೆ.

ಟೋಲ್ ನಾಕಾ (ಧಾರವಾಡ)
ಆದರೆ ಆ ಅಂಟು ಇರುವುದರಿಂದಲೇ ಫೋನ್ ನೀರಿಗೆ ಬಿದ್ದರೂ ಬದುಕುತ್ತದೆ. ನನ್ನದು ಬಕೆಟ್‌ಗೆ ಬಿದ್ದು ಎದ್ದಿದೆ.

ದುರ್ಗದಬೈಲ್ ರಿಪೇರಿ
ಕೈಗಡಿಯಾರಕ್ಕೂ ನೀರು ಹೋಗುವುದಿಲ್ಲ, ಅದಕ್ಕೆ ಹಿಂದೆ ಸ್ಕ್ರೂ ಮತ್ತು ರಬ್ಬರ್ ಉಂಗುರ ಇರುತ್ತದೆ. ಮನಸ್ಸಿದ್ದರೆ ಎರಡೂ ಸಾಧ್ಯ.

ನವನಗರ ಪಾಸ್
ವಿಷಯ ಬಿಟ್ಟು ಒಂದು ಪ್ರಶ್ನೆ. ಮಗಳು ಹಾಡು ಕಲಿಯುತ್ತಿದ್ದಾಳೆ. ತಂಬೂರಿಗೆ ಮೊಬೈಲ್ ಆ್ಯಪ್ ಸಾಕೋ, ಎಲೆಕ್ಟ್ರಾನಿಕ್ ಡಬ್ಬಿ ತರಬೇಕೋ?

ಸಾಧನಕೇರಿ ಮೇಷ್ಟ್ರು
ಕಲಿಯುವಾಗ ಡಬ್ಬಿ ಚಲೋ. ಬೆಂಗಳೂರಿನ ರಾಡೆಲ್‌ನವರದ್ದು ಬಹಳ ಮನೆಗಳಲ್ಲಿದೆ. ತಿರುಗಿಸುವ ಗುಬ್ಬಿಯಿಂದ ಶ್ರುತಿ ಹಿಡಿಯುವುದನ್ನು ಮಗು ಕೈಯಿಂದಲೇ ಕಲಿಯುತ್ತದೆ, ನಡುವೆ ಫೋನ್ ಕರೆ ಬರುವುದಿಲ್ಲ. ನಿಜವಾದ ತಂಬೂರಿ ಬೇಕೆಂದರೆ ಮಿರಜಕ್ಕೆ ಹೋಗಿ. ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡುತ್ತಾರೆ, ಅದನ್ನು ಕೂದಲಿನಷ್ಟು ಸರಿಸಿದರೆ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆದುಕೊಳ್ಳುತ್ತದೆ. ಒಳ್ಳೆಯ ದೋಸ್ತ ಕೂಡ ಹಾಡುವವರ ಹಿಂದೆ ಕೂತು ತಂಬೂರಿ ಹಿಡಿದವರ ಹಾಗೆ ಅಂತ ನನಗೆ ಯಾವಾಗಲೂ ಅನಿಸಿದೆ.

ಕಾಳಿ ದೋನ್ (ಗದಗ)
ನಮಸ್ಕಾರ. ಮುಳಗುಂದ ನಾಕಾ ಹೇಳಿದ ದೋಸ್ತ ನಾನೇ. ಅವನೇ ಲಿಂಕ್ ಕಳಿಸಿದ. ಎಲ್ಲ ಕೇಳಿಸಿಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಹಾಕಿಕೊಂಡು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬರೆಯುತ್ತಿದ್ದೇನೆ. ಕ ಬೇಕಾದರೆ ಕೆ ಒತ್ತುವುದು, ಗ ಬೇಕಾದರೆ ಜಿ. ಮನಸ್ಸಿನಲ್ಲಿ ಅಂದುಕೊಂಡ ಸದ್ದೇ ಬೆರಳಿಗೆ ಬರುತ್ತದೆ.

ಮೊದಲು ವಸ್ತುವಿನ ಮಾತು. ನಿಮ್ಮ ಕೀಬೋರ್ಡಿನ ಎಫ್ ಮತ್ತು ಜೆ ಮುಟ್ಟಿ ನೋಡಿ. ಸಣ್ಣ ಉಬ್ಬು ಗೆರೆ ಇದೆ. ಹಳೆಯ ಫೋನಿನ 5ರ ಮೇಲೂ ಇರುತ್ತದೆ. ಬಹಳ ಮಂದಿ ದಿನಾ ಮುಟ್ಟುತ್ತಾರೆ, ಯಾಕೆ ಅಂತ ಕೇಳಿಲ್ಲ. ಆ ಎರಡು ಗೆರೆ ಸಿಕ್ಕರೆ ನನಗೆ ಇಡೀ ಕೀಲಿಮಣೆ ಸಿಕ್ಕ ಹಾಗೆ. ಹಾರ್ಮೋನಿಯಂ ಇನ್ನೂ ಚೆಂದ. ಕರಿ ಮನೆ ಎರಡು, ಆಮೇಲೆ ಮೂರು, ಮತ್ತೆ ಎರಡು. ಬಿಳಿಗಿಂತ ಎತ್ತರ. ಎಲ್ಲೇ ಕೈ ಇಟ್ಟರೂ ಎಲ್ಲಿದ್ದೇನೆ ಅಂತ ಬೆರಳು ಹೇಳುತ್ತದೆ. ಎಲ್ಲ ಮನೆಯೂ ಒಂದೇ ಮಟ್ಟದಲ್ಲಿ ಸಾಲಾಗಿದ್ದರೆ ಯಾರಿಗೂ ಷಡ್ಜ ಸಿಗುತ್ತಿರಲಿಲ್ಲ, ಕಣ್ಣಿದ್ದವರಿಗೂ.

ಈಗ ದೋಸ್ತಿ. ಕಾಕಾ ಅವರೇ, ರಸ್ತೆ ದಾಟಿಸುವಾಗ ಬಹಳ ಮಂದಿ ನನ್ನ ತೋಳು ಹಿಡಿದು ಎಳೆಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ, ಆದರೆ ಹೆಜ್ಜೆ ತಪ್ಪುತ್ತದೆ. ಇವನು ಮೊಣಕೈ ಮುಂದೆ ಮಾಡುತ್ತಾನೆ, ನಾನು ಹಿಡಿಯುತ್ತೇನೆ, ಅರ್ಧ ಹೆಜ್ಜೆ ಹಿಂದೆ ನಡೆಯುತ್ತೇನೆ. ಅವನ ಮೈ ಇಳಿದರೆ ಮೆಟ್ಟಿಲು ಇದೆ ಅಂತ ನನಗೆ ತಿಳಿಯುತ್ತದೆ. ಹೀಗೆ ಮಾಡು ಅಂತ ನಾನು ಹೇಳಿದ್ದು ಒಂದೇ ಸಲ. ಇನ್ನು ಪಾಠದ ಫೀ ಇಷ್ಟು ಕಡಿಮೆ ಯಾಕೆ ಇಟ್ಟಿದ್ದೀ, ಏರಿಸು ಅಂತ ನನ್ನ ಜೊತೆ ಜಗಳ ಆಡುವವನೂ ಇವನೇ. ಉಳಿದವರು ನನಗೆ ಸಿಕ್ಕಷ್ಟೇ ದೊಡ್ಡದು ಅಂತ ತಿಳಿದಿದ್ದಾರೆ.

ಹಳೇ ಹುಬ್ಬಳ್ಳಿ ಕಾಕಾ
ನೀವೇ ಬಂದು ಬರೆದದ್ದು ಬಹಳ ಖುಷಿ ಆಯಿತು. ಆದರೂ ನನ್ನ ಪ್ರಶ್ನೆ ಉಳಿದಿದೆ. ನಿಮ್ಮ ದೋಸ್ತಿ ಮೊದಲೇ ಗಟ್ಟಿ ಆಗಿತ್ತು, ಪತ್ರದ ಕೆಲಸ ಹೋದರೂ ನಿಂತಿತು. ಹೊಸದಾಗಿ ದೋಸ್ತಿ ಆಗಬೇಕಾದವರಿಗೆ ಸೇರಲು ನೆಪ ಎಲ್ಲಿದೆ?

ಕಾಳಿ ದೋನ್ (ಗದಗ)
ನೆಪ ಇದೆ ಕಾಕಾ. ಟಾಕ್‌ಬ್ಯಾಕ್ ತಾನಾಗಿ ಕಲಿಯಲು ಆಗುವುದಿಲ್ಲ. ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆ ತಾಳ ಕೈಗೆ ಹತ್ತುವವರೆಗೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ನಾನು ಈಗ ಇಬ್ಬರು ಹುಡುಗರಿಗೆ ಕಲಿಸುತ್ತಿದ್ದೇನೆ. ಪಾಠ ಮುಗಿದಮೇಲೂ ಅವರು ಏಳುವುದಿಲ್ಲ.

ವಿದ್ಯಾನಗರ ಹುಡುಗಿ
ಸರ್, ನಮ್ಮ ಹೊಸ ಆ್ಯಪ್ ಬಿಡುವ ಮೊದಲು ನೀವು ಮತ್ತು ಆ ಹುಡುಗರು ಒಮ್ಮೆ ಬಳಸಿ ನೋಡುತ್ತೀರಾ? ಸುಮ್ನೆ ಕೇಳುತ್ತಿಲ್ಲ, ಸಂಭಾವನೆ ಕೊಡಿಸುತ್ತೇನೆ.

ಕಾಳಿ ದೋನ್ (ಗದಗ)
ಆಗಲಿ ತಂಗಿ. ಹೆಸರಿಲ್ಲದ ಬಟನ್ ಒಂದೂ ಇರಬಾರದು. ಓಟಿಪಿ ಹಾಕಲು ಸಮಯ ಜಾಸ್ತಿ ಕೊಡು, ಕೇಳಿ ಬರೆಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಬ್ಯಾಡಗಿ ಅಕ್ಕ
ನಮ್ಮ ಅತ್ತೆಗೆ ಈಗೀಗ ಕಣ್ಣು ಮಂಜು. ನಮ್ಮಲ್ಲೂ ಅಂಥದೇ ಇಂಡಕ್ಷನ್ ಒಲೆ. ಎಂ-ಸೀಲ್ ಚುಕ್ಕೆ ಎಲ್ಲೆಲ್ಲಿ ಇಡಬೇಕು ಅಂತ ಹೇಳ್ರೀ.

ಮುಳಗುಂದ ನಾಕಾ (ಗದಗ)
ಅಕ್ಕಾ, ಎಲ್ಲ ಬಟನ್ ಮೇಲೂ ಇಡಬೇಡಿ, ಬೆರಳಿಗೆ ಗೊಂದಲ ಆಗುತ್ತದೆ. ನಾವು ಮೂರೇ ಇಟ್ಟಿದ್ದೇವೆ. ಆನ್ ಮಾಡುವಲ್ಲಿ ದೊಡ್ಡ ಚುಕ್ಕೆ, ಶಾಖ ಏರಿಸುವಲ್ಲಿ ಸಣ್ಣದು, ಇಳಿಸುವಲ್ಲಿ ಅಡ್ಡ ಗೆರೆ. ಬಟನ್ ಮೇಲೆಯೇ ಅಂಟಿಸಬಾರದು, ಸ್ಪರ್ಶ ತಿಳಿಯದೆ ಹೋಗಬಹುದು. ಬಟನ್‌ನ ಸ್ವಲ್ಪ ಕೆಳಗೆ ಇಡಿ. ಬೆರಳು ಚುಕ್ಕೆ ಹಿಡಿದು ಅಲ್ಲಿಂದ ಮೇಲಕ್ಕೆ ಹೋಗಲಿ. ಪ್ಲಗ್ ತೆಗೆದು, ಎಣ್ಣೆ ಜಿಡ್ಡು ಒರೆಸಿ, ಅಂಟಿಸಿದಮೇಲೆ ಒಂದು ರಾತ್ರಿ ಹಾಗೇ ಬಿಡಿ.

ಕಾಳಿ ದೋನ್ (ಗದಗ)
ಮತ್ತು ಎಲ್ಲಿಡಬೇಕು ಅನ್ನುವುದನ್ನು ಅತ್ತೆಯವರ ಬೆರಳಿಗೇ ಕೇಳಿ ಅಕ್ಕಾ. ಚುಕ್ಕೆ ಒಣಗುವ ಮೊದಲು ಅವರು ಮುಟ್ಟಿ ನೋಡಲಿ.